ಎಡಗೈಯಲ್ಲಿ ಕೊಟ್ಟ ನೀರು

ಬೈಲಹೊಂಗಲದ ಒಂದು ಹತ್ತಿ ಗಿರಣಿಯ ಬಾಗಿಲಲ್ಲಿ ಕುಳಿತಿದ್ದೆ. ಹೆಗಲಿಗೆ ಟವೆಲ್ ಹೊದ್ದಿದ್ದ ಕಾವಲುಗಾರ ಎಡಗೈಯಲ್ಲಿ ನೀರಿನ ತಂಬಿಗೆ ಚಾಚಿದ.

"ಎಡಗೈಲೆ ನೀರ ಕೊಡತಾರೇನ್ರಿ ಕಾಕಾ?" ಎಂದು ನಗೆಯಾಡಿದೆ.

ಆತ ಬೇಸರಪಡಲಿಲ್ಲ. "ಯಾವ ಕೆಲಸಕ್ಕ ಬಂದೀಯೋ ತಮ್ಮಾ?" ಎಂದ.

ಸಂಪಗಾಂವದ ಹಿಟ್ಟಿನ ಗಿರಣಿಯ ಕೆಲಸದಲ್ಲಿ ನಾನು ಸುಖವಾಗಿಯೇ ಇದ್ದೇನೆ. ಇಲ್ಲಿ ಪಗಾರ ಹೆಚ್ಚೆಂದು ಕೇಳಿ, ಸುಮ್ಮನೆ ನೋಡಿ ಹೋಗೋಣ ಎಂದು ಬಂದು, ಒಳಗೆ ಹೆಸರು ಬರೆಸಿ ಕಾಯುತ್ತಿದ್ದೆ. ಒಳಗೆ ಓಡುತ್ತಿದ್ದ ಯಂತ್ರಗಳಲ್ಲಿ ಕೊನೆಯದನ್ನು ತೋರಿಸಿ, "ಅದನ್ನ ನಡಸಾವ್ರು ಬೇಕಂತ್ರಿ" ಎಂದೆ.

ಆತ ಟವೆಲ್ ಸರಿಸಿದ. ಬಲಗೈ ಮೊಣಕೈವರೆಗೆ ಮಾತ್ರ ಇತ್ತು.

"ಅದನ್ನ ನಾನ ನಡಸತಿದ್ನಿ. ಹತ್ತಿ ಸಿಕ್ಕೊಂಡಿತ್ತು, ಬಂದ್ ಮಾಡದನ ಕೈ ಹಾಕಿದ್ನಿ. ಮಾಲಕರು ಛಲೋ ಮಂದಿ, ನನ್ನ ಹೊರಗ ಹಾಕಲಿಲ್ಲ. ಇಲ್ಲಿ ಕುಂಡರಿಸ್ಯಾರ. ನೀರ ಕುಡಿ."

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದರು. ಆ ಎಡಗೈಯಿಂದಲೇ ತಂಬಿಗೆ ಇಸಿದುಕೊಂಡು ನೀರು ಕುಡಿದೆ. ಒಳಗೆ ಹೋಗದೆ ಬಸ್ ನಿಲ್ದಾಣದ ಕಡೆ ನಡೆದೆ.

ಮರುದಿನ ನಮ್ಮ ಗಿರಣಿಯಲ್ಲಿ ಜೋಳ ಸುರಿಯುವ ಬಾಯಿ ಕಟ್ಟಿಕೊಂಡಿತು. ಯಂತ್ರ ಓಡುತ್ತಿರುವಾಗಲೇ ಬೆರಳು ಹಾಕಿ ಕಾಳು ಸರಿಸುವುದು ನನ್ನ ರೂಢಿ. ಅಂದು ಯಂತ್ರ ನಿಲ್ಲಿಸಿದೆ. ಅದು ಪೂರ್ತಿ ನಿಂತ ಮೇಲೂ ನನಗೆ ಕೈ ಹಾಕಲಾಗಲಿಲ್ಲ.