ಗೆರೆ ಬಿದ್ದ ಸೀರೆ

ದೊಡ್ಡವ್ವನ ಬಲಗೈ ತೋರುಬೆರಳಲ್ಲಿ ಚಾಕುವಿನಿಂದ ಕೊರೆದಂಥ ಒಂದು ಗೀರಿತ್ತು. ನಲವತ್ತು ವರ್ಷ ಅದೇ ಜಾಗದಲ್ಲಿ ರೇಷ್ಮೆ ಎಳೆ ಹಾದು ಹಾದು ಬಿದ್ದ ಗೀರು. ಮುದ್ದೆ ಮುರಿಯುವಾಗ ಸಾರು ಅದರೊಳಗೆ ನಿಲ್ಲುತ್ತಿತ್ತು.

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಯುವವರು ಗಂಡಸರು. ಹೆಂಗಸರು ಪಕ್ಕದಲ್ಲಿ ರಾಟೆ ತಿರುಗಿಸುತ್ತಾ, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಬೇಕು. ಹೆಂಗಸು ಗುಂಡಿಗಿಳಿದರೆ ಮಗ್ಗ ಮುನಿಸಿಕೊಳ್ಳುತ್ತದೆ ಅನ್ನುವುದು ಹಿರಿಯರ ಮಾತು. ನಮ್ಮ ಮೇಲೆ ಯಾರ್ಯಾರಿಗೋ ಮುನಿಸು, ಮಗ್ಗಕ್ಕೂ ಇರಲಿ ಬಿಡಿ.

ಪಕ್ಕದ ಮನೆಯವಳಾದರೂ ನಾನು ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಕಾಲೇಜು ಮುಗಿಸಿ ಬಂದವಳು ಅವಳ ಜೊತೆ ಕಂಡಿಕೆ ಸುತ್ತಲು ಕೂರುತ್ತಿದ್ದೆ. ಕೂರುತ್ತಿದ್ದೆ ಅನ್ನುವುದೂ ಸುಳ್ಳು. ಏಳುತ್ತಿದ್ದೆ, ಬಾಗಿಲಿಗೆ ಹೋಗುತ್ತಿದ್ದೆ, ಹನೂರಿನ ಬಸ್ಸು ನೋಡಿ ಬರುತ್ತಿದ್ದೆ, ಮತ್ತೆ ಕೂತು ಎಳೆ ಕಿತ್ತುಹಾಕುತ್ತಿದ್ದೆ. "ಕುಂತ ಕಡೆ ಮುಳ್ಳು ಚುಚ್ತದೇನಮ್ಮಿ?" ಅನ್ನುತ್ತಿದ್ದಳು ದೊಡ್ಡವ್ವ.

ಒಮ್ಮೆ ಅವಳ ಗಂಡ ದೊಡ್ಡಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಮೂರನೇ ದಿನ ಬೆಳಿಗ್ಗೆ ದೊಡ್ಡವ್ವ ನನ್ನ ಎದುರೇ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು. ಪಟ್ಟಿ ಕಟ್ಟಿಕೊಂಡು ಒಳಗೆ ಮಲಗಿದ್ದ ದೊಡ್ಡಪ್ಪ ಸದ್ದಿಗೇ ಎದ್ದು ಕೂತ.

"ಯಾರದು ಗುಂಡಿಲಿ?"

"ನಾನೇ. ಕಣ್ ಮುಚ್ಕಂಡಿರಿ ಸುಮ್ಕೆ, ಡಾಕ್ಟ್ರು ಏಳವ್ರೆ."

ನಾನು ನಗು ತಡೆಯಲಾರದೆ ಹೊರಗೆ ಓಡಿದೆ. ಆದರೆ ಅವಳ ಕೈ ನಡುಗುತ್ತಿದ್ದುದನ್ನೂ ನೋಡಿದ್ದೆ. ನಡುಗಿದ ಕಡೆ ಸೀರೆಯ ಅಡ್ಡಕ್ಕೆ ಒಂದು ಗೆರೆ ಬಿತ್ತು. ಬಿಚ್ಚಿ ಮತ್ತೆ ನೇಯಬಹುದಿತ್ತು, ಅವಳು ಬಿಚ್ಚಲಿಲ್ಲ. ಸೀರೆ ನೇಯಲು ಹೇಳಿದ್ದವರು ಬೇಡವೆಂದರು. ದೊಡ್ಡವ್ವ ತಾನೇ ಉಟ್ಟುಕೊಂಡು ಯಳಂದೂರಿನ ಮದುವೆಗೆ ಹೋದಳು. ಅಲ್ಲಿ ಯಾರೋ ಗೆರೆ ನೋಡಿ ಮೂಗು ಮುರಿದಾಗ ಸೀರೆಯನ್ನು ಎರಡೂ ಕೈಯಲ್ಲಿ ಹರಡಿ ತೋರಿಸಿದಳು.

"ಇಲ್ಲೀಗಂಟ ನಮ್ಮನೆಯವ್ರು ನೇಯ್ದಿದ್ದು. ಇದು ನಾನ್ ಎದ್ರುಕಂಡ ಜಾಗ. ಇಲ್ಲಿಂದಾಚೆಗೆ ನಾನು."

ಆಮೇಲೆ ಗುಂಡಿ ಅವಳದೇ ಆಯಿತು. ಆಪರೇಷನ್ ಆದಮೇಲೂ ಕಣ್ಣು ಮಂಜಾಗಿಯೇ ಉಳಿದ ದೊಡ್ಡಪ್ಪ ಗೊಣಗುತ್ತಲೇ ರಾಟೆ ಹಿಡಿದ.

ಮರುವರ್ಷ ನನಗೆ ಫಾರೆಸ್ಟ್ ಗಾರ್ಡ್ ಕೆಲಸದ ಆರ್ಡರ್ ಬಂತು. ಲೊಕ್ಕನಹಳ್ಳಿ ಕಡೆಯ ಕಾಡು. ಆನೆ ತಿರುಗುವ ಜಾಗ, ಹೆಣ್ಣುಮಗಳು ಒಬ್ಬಳೇ ಹೋಗುವುದು ಬೇಡ ಎಂದ ಅಪ್ಪ. ನಾನು ಪಾತ್ರೆ ಕುಕ್ಕಿದೆ, ಊಟ ಬಿಟ್ಟೆ, ಬೀದಿಗೆಲ್ಲ ಕೇಳುವಂತೆ ಜಗಳ ಆಡಿದೆ. ಹಾಜರಾಗುವ ಕೊನೆಯ ದಿನ ಹತ್ತಿರವಾದಷ್ಟೂ ನನ್ನ ರಂಪ ಜಾಸ್ತಿಯಾಯಿತು, ಬಟ್ಟೆ ಮಾತ್ರ ಕಟ್ಟಿಕೊಳ್ಳಲಿಲ್ಲ. ಅದನ್ನು ಗಮನಿಸಿದ್ದವಳು ದೊಡ್ಡವ್ವ ಒಬ್ಬಳೇ.

"ನಿಮ್ಮಪ್ಪಂಗೆ ಎದ್ರಿಕೆನೋ, ನಿಂಗೋ?" ಲಾಳಿ ನಿಲ್ಲಿಸಿ ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಸತ್ಯ ಹೇಳಿದವರ ಮೇಲೆ ಬರುವ ಸಿಟ್ಟು ಅದು. ಅಪ್ಪ ಬೇಡ ಅಂದದ್ದು ಒಳಗೊಳಗೇ ನನಗೆ ಸಮಾಧಾನ ತಂದಿತ್ತು.

"ಎದ್ರಿಕೆ ಓಗ್ಲಿ, ಆಮೇಕೆ ಒರಡಾನ ಅಂತ ಕುಂತೀಯಾ? ನಲ್ವತ್ ವರ್ಸ ನಾನೂ ಅಂಗೇ ಕುಂತಿದ್ದೆ ಕಣಮ್ಮಿ. ಅದು ಓಗ್ನಿಲ್ಲ. ಗುಂಡಿಗಿಳಿದ್ ಮೇಲೇ ಓಗಿದ್ದು."

ಮರುದಿನ ಬೆಳಿಗ್ಗೆ ಆ ಗೆರೆ ಸೀರೆಯನ್ನೇ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳ ಮುಖ ನೋಡಿ ದಾರಿ ಬಿಟ್ಟ. ಹನೂರಿನ ಅರಣ್ಯ ಆಫೀಸಿನವರೆಗೂ ದೊಡ್ಡವ್ವ ನನ್ನ ಮೊಣಕೈ ಬಿಡಲಿಲ್ಲ, ನಾನೆಲ್ಲಿ ಮಧ್ಯೆ ಬಸ್ಸಿನಿಂದ ಇಳಿದುಬಿಡುತ್ತೇನೋ ಎಂದು. ಇಳಿಯುವ ಯೋಚನೆ ಎರಡು ಸಲ ಬಂದದ್ದೂ ನಿಜ. ಅಲ್ಲಿದ್ದ ಸಾಹೇಬರು, "ನೀವ್ಯಾರಮ್ಮ, ಇವಳ ತಾಯಿನಾ?" ಎಂದರು.

"ನಾನಾ? ಸೀರೆ ನೇಯೋಳು ಸಾ," ಅಂದಳು.

ಆ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಂಟು ವರ್ಷದಿಂದ ಕಾಡು ತಿರುಗುತ್ತಿದ್ದೇನೆ. ಆನೆ ಲದ್ದಿ ಬಿಸಿಯಿದ್ದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೂ ಬೆಳಗಾದರೆ ಸಾಕು, ಕಾಲು ತಾನಾಗಿ ಬೂಟು ಹುಡುಕುತ್ತದೆ. ಈ ಸುಖ ಅವಳು ಕೊಟ್ಟದ್ದು.

ಹೋದ ಮಾಗಿಯಲ್ಲಿ ದೊಡ್ಡವ್ವ ತೀರಿಕೊಂಡಳು. ನಾನು ಕಾಡಿನಲ್ಲಿದ್ದೆ, ಫೋನು ಸಿಕ್ಕುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮೂರನೇ ದಿನ ಡ್ಯೂಟಿಯಿಂದ ನೇರ ಹೋದರೆ, ದೊಡ್ಡಪ್ಪ ಮಗ್ಗದ ಪಕ್ಕ ಕಂಡಿಕೆ ಸುತ್ತುತ್ತಾ ಕೂತಿದ್ದ. ಹತ್ತಾರು ಕಂಡಿಕೆ ಸುತ್ತಿ ಬುಟ್ಟಿ ತುಂಬಿಸಿದ್ದ. ಮಗ್ಗದ ಮೇಲೆ ದೊಡ್ಡವ್ವ ಬಿಟ್ಟುಹೋದ ಸೀರೆ ಹಾಗೇ ಇತ್ತು.

"ಇನ್ನೊಂದ್ ಗೇಣ್ ಉಳ್ದದೆ ಕಣವ್ವ. ಕೂತ್ಕೋ," ಅಂದ.

"ನಂಗೆ ನೇಯಕ್ ಬರಲ್ಲ ದೊಡ್ಡಪ್ಪ."

"ಬರ್ದಿದ್ರೆ ಗೆರೆ ಬೀಳ್ತದೆ. ಬೀಳ್ಲಿ."

ಬೂಟು ಬಿಚ್ಚಿಟ್ಟು ಗುಂಡಿಗೆ ಇಳಿದೆ. ಗೆರೆ ಬಿತ್ತು.