ಸಾಹೇಬರ ಗಾಜಿನ ತೊಟ್ಟಿಯ ಗಂಡು

ಕೆಂಭಾವಿಯ ಹತ್ತಿರ ಕಾಲುವೆಯವರ ಕ್ವಾರ್ಟರ್ಸಿನಲ್ಲಿ ನಾವಿದ್ದ ಕಾಲ. ನನ್ನ ಗಂಡ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಪಕ್ಕದ ದೊಡ್ಡ ಮನೆಯಲ್ಲಿ ಎಂಜಿನಿಯರ್ ಸಾಹೇಬರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಶಹಾಪುರದಿಂದ ಬಂದಿದ್ದ ತಾಯಿ. ನಾನಾಗ ಚೊಚ್ಚಲ ಬಸುರಿ.

ಮಳೆಗಾಲ ಮುಗಿದ ಹೊಸತರಲ್ಲಿ ಸಾಹೇಬರು ಹೆಂಡತಿಯ ಜೊತೆ ಹೈದರಾಬಾದಿಗೆ ಹೋಗಿ, ಬಣ್ಣದ ಮೀನು ಮಾರುವ ಅಂಗಡಿಯಿಂದ ಎರಡು ನ್ಯೂಟ್‌ಗಳನ್ನು ತಂದರು. ಆಕಾರ ಹಲ್ಲಿಯದು, ಬಾಳುವೆ ಕಪ್ಪೆಯದು. ಬೆನ್ನು ಕಪ್ಪು, ಹೊಟ್ಟೆ ಕೆಂಡದ ಬಣ್ಣ. ಅವಕ್ಕೆ ನೀರು ತಣ್ಣಗಿರಬೇಕಂತೆ. ಹಾಗಾಗಿ ಗಾಜಿನ ತೊಟ್ಟಿ ಪಡಸಾಲೆಯಲ್ಲಿ ಕೂಲರಿನ ಎದುರೇ ಕೂತಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಂದಿಲ್ಲವೆಂದು ಹೇಳಲು ಬಂದ ರೈತರು ಹೊರಗೆ ಬಿಸಿಲಲ್ಲಿ ಬೆವರುತ್ತಿದ್ದರು. ಸಾಹೇಬರು ಅವರನ್ನು ಒಳಗೆ ಕರೆಯುತ್ತಿದ್ದದ್ದು ತೊಟ್ಟಿ ತೋರಿಸುವುದಕ್ಕೆ ಮಾತ್ರ.

"ಈ ದೊಡ್ಡದು ಗಂಡು. ನಡಿಗಿ ನೋಡ್ರಿ, ಎಷ್ಟು ಗತ್ತದ. ಆ ಸಣ್ಣದು ಹೆಣ್ಣು. ಬರೇ ಮೂಲ್ಯಾಗ ಕುಂದರ್ತದ."

"ಹೌದ್ರಿ ಸಾಹೇಬ್ರ," ಎನ್ನುತ್ತಿದ್ದರು ರೈತರು. ನೀರು ಬೇಕಾದವರು ಇನ್ನೇನು ಅಂದಾರು?

ಸಾಹೇಬರು ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಅವರ ಹೆಂಡತಿ ಅಂಗಡಿಯವನನ್ನು ವಿಚಾರಿಸಿಕೊಂಡಿದ್ದರು. "ಬಾಲದ ಬುಡ ಉಬ್ಬಿದ್ರ ಗಂಡಂತ್ರೀ. ಮೈ ದಪ್ಪ ಇದ್ದು, ಬುಡ ಚಪ್ಪಟಿ ಇದ್ರ ಹೆಣ್ಣಂತ. ಇದು ದೊಡ್ಡದಾ ಹೆಣ್ಣು ಕಾಣ್ತದ."

"ನಿನಗೇನು ತಿಳೀತದ? ಹೋಗಿ ಚಾ ಮಾಡು," ಎಂದರು ಸಾಹೇಬರು.

ಇಂಥ ವಿದ್ಯೆ ಅವರಿಗೆ ತಾಯಿಯಿಂದಲೇ ಬಂದಿರಬೇಕು. ಆ ಅವ್ವ ನನ್ನನ್ನು ಕಂಡಾಗಲೆಲ್ಲ ಬೆಳಕಿಗೆ ನಿಲ್ಲಿಸಿ ಹೊಟ್ಟೆ ನೋಡುತ್ತಿದ್ದಳು. "ಹೊಟ್ಟಿ ಮುಂದಕ್ಕ ಚೂಪ ಆಗ್ಯಾದ. ಗಂಡಾ ಹುಟ್ತದ ತಂಗಿ. ನನ್ನ ಕಣ್ಣು ಎಂದೂ ತಪ್ಪಿಲ್ಲ." ಪಕ್ಕದಲ್ಲೇ ಇಬ್ಬರು ಮೊಮ್ಮಕ್ಕಳು ಲಂಗದ ನೆರಿಗೆ ಹಿಡಿದು ನಿಂತಿದ್ದರು.

ಅಡುಗೆಮನೆಯಲ್ಲಿ ಆ ಅವ್ವನ ಸೊಸೆ, ಸಾಹೇಬರ ಹೆಂಡತಿ, ನನಗೆ ಮೆಲ್ಲಗೆ ಹೇಳಿದರು: "ನನಗೂ ಎರಡೂ ಸಲ ಹಿಂಗ ಅಂದಿದ್ರು. ಹೆಸರೂ ತೆಗದಿಟ್ಟಿದ್ರು. ಹುಟ್ಟಿದ ಮ್ಯಾಲ, ನಿನ್ನ ಹೊಟ್ಟಿ ಮೋಸ ಮಾಡ್ತು ಅಂದ್ರು." ನಗುತ್ತಲೇ ಹೇಳಿದರು, ಆದರೆ ಕೈಯಲ್ಲಿದ್ದ ರೊಟ್ಟಿ ಅಂಚು ಹರಿಯುವಷ್ಟು ಜೋರಾಗಿ ಬಡಿಯುತ್ತಿದ್ದರು.

ಚಳಿ ಬಂತು. ದೊಡ್ಡ ನ್ಯೂಟಿನ ಹೊಟ್ಟೆ ಬೆಳೆಯಿತು. "ಗಂಡು ಚೊಲೋ ಉಣ್ತದ," ಎಂದು ಸಾಹೇಬರು ಬೀಗಿದರು. ಒಂದು ಬೆಳಿಗ್ಗೆ ಸೊಸೆ ನನ್ನನ್ನು ಕೂಗಿ ಕರೆದರು. "ಲಗೂ ಬರ್ರಿ, ನಮ್ಮ ಗಂಡು ಏನು ಮಾಡಾಕತ್ತದ ನೋಡ್ರಿ."

ಅದು ಹಿಂಗಾಲಿನಿಂದ ನೀರುಗಿಡದ ಎಲೆಯನ್ನು ತಬ್ಬಿ, ಮಡಚಿ, ಒಳಗೊಂದು ಮೊಟ್ಟೆ ಅಂಟಿಸಿ ಮುಂದಿನ ಎಲೆಗೆ ಹೋಗುತ್ತಿತ್ತು. ಅಷ್ಟು ಜೋಪಾನದ ಕೆಲಸ ನಾನು ಕಂಡಿದ್ದಿಲ್ಲ. ನೋಡುತ್ತ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಗಡ್ಡಕ್ಕೆ ಸಾಬೂನು ಹಚ್ಚಿಕೊಂಡೇ ಸಾಹೇಬರು ಬಂದರು. ಬಹಳ ಹೊತ್ತು ನೋಡಿದರು.

"ಕೆಲವು ಜಾತ್ಯಾಗ ಗಂಡಾ ಮೊಟ್ಟಿ ಇಡ್ತಾವ," ಎಂದರು.

"ಹಂಗಾದ್ರ ಮುಂದಿನ ಬಾಣಂತನ ನೀವಾ ಮಾಡಿಸ್ಕೊರಿ," ಎಂದರು ಹೆಂಡತಿ.

ಸಾಹೇಬರು ಸಾಬೂನಿನ ಮುಖದಲ್ಲೇ ಬಚ್ಚಲಿಗೆ ಹೋದರು. ಸಂಜೆ ರೈತರಿಗೆ ತೊಟ್ಟಿ ತೋರಿಸಿ, "ದೊಡ್ಡದು ಹೆಣ್ಣು. ಬಾಲದ ಬುಡ ನೋಡಿ ನಾನಾ ಗುರ್ತು ಹಿಡಿದೆ," ಎಂದರು. ರೈತರು ಅದಕ್ಕೂ ಹೌದೆಂದರು. ಹೊಲಗಳಿಗೆ ಮಾತ್ರ ನೀರು ಬರಲಿಲ್ಲ.

ನನಗೆ ಸುರಪುರದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಸಾಹೇಬರ ತಾಯಿ ಸಕ್ಕರೆ ಪೊಟ್ಟಣ ಹಿಡಿದು ಸೊಸೆಯ ಜೊತೆ ನೋಡಲು ಬಂದಳು. "ಹೆಣ್ಣಂತ ನನಗ ಮೊದಲಾ ಗೊತ್ತಿತ್ತು."

"ಗಂಡು ಅಂದಿದ್ರಿ ಅವ್ವಾರ," ಎಂದೆ ನಾನು.

"ನಿನ್ನ ಸಮಾಧಾನಕ್ಕ ಅಂದಿದ್ದೆ."

ಸೊಸೆ ಮಗುವನ್ನು ಎತ್ತಿಕೊಂಡು, ತನ್ನ ಕಿರಿಮಗಳ ಹಳೆಯ ಅಂಗಿ ತೊಡಿಸಿ, ಅತ್ತೆಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಕೂತರು.