ಸೀಗಿ ಹುಣ್ಣಿಮೆಯ ಕರಡಿ

ಕಾಕುವಿನ ಬಲಗೈ ರೊಟ್ಟಿ ಬಡಿದು ಬಡಿದು ಹಲಗೆಯಂತಾಗಿತ್ತು. ಒಲೆಯ ಮೇಲಿನ ಹಂಚನ್ನು ಬಟ್ಟೆಯಿಲ್ಲದೆ ಎತ್ತಿ ಪಕ್ಕಕ್ಕಿಡುತ್ತಿದ್ದರು. ಆ ಕೈ ಯಾರದಾದರೂ ಮಣಿಕಟ್ಟು ಹಿಡಿಯಿತೆಂದರೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಪಕ್ಕದ ಬಾಗಿಲು. ಬಾಗಲಕೋಟೆ ಕಡೆಯವರು, ಡಾಕ್ಟರ್ ಮಗಳ ಜೊತೆ ಇದ್ದರು. ಅವರ ಕಡೆ ಚಿಕ್ಕಮ್ಮನನ್ನು ಕಾಕು ಅನ್ನುತ್ತಾರೆ, ನಮಗೂ ಅದೇ ರೂಢಿಯಾಯಿತು. ನಾನು ಆಫೀಸು ಮುಗಿಸಿ ಕೊಲ್ಲಿಯ ಸೇತುವೆ ದಾಟಿ ಬರುವವರೆಗೆ ನನ್ನ ಮಗಳು ಅವರ ಅಡುಗೆಮನೆಯಲ್ಲೇ ಇರುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ, ಅವರು ಕನ್ನಡದಲ್ಲಿ. ಇಬ್ಬರ ಮಾತೂ ನಿಲ್ಲುತ್ತಿರಲಿಲ್ಲ. ನಾನೋ ಹುಟ್ಟಾ ಪುಕ್ಕಲಿ. ಫ್ರೀವೇ ಅಂದರೆ ಭಯ, ಲಿಫ್ಟು ಅಂದರೆ ಭಯ, ಫೋನು ರಿಂಗಾದರೂ ಎದೆ ಧಸಕ್ ಎನ್ನುತ್ತದೆ. ಕಾಕು ನಗುತ್ತಿದ್ದರು. "ಅಂಜಿಕಿನೂ ಉಪ್ಪಿದ್ದಂಗವಾ. ಇರಬೇಕು. ಆದ್ರ ನಿನಗ ಜರಾ ಹೆಚ್ಚಾಗೇದ."

ಒಂದು ಅಕ್ಟೋಬರಿನಲ್ಲಿ ಅವರನ್ನೂ ಕರೆದುಕೊಂಡು ಸಿಯೆರಾ ಬೆಟ್ಟಗಳ ಮೇಲಿನ ಒಂದು ಹಳ್ಳಿಗೆ ಹೋದೆವು. ಆಲ್ಪ್ಸ್ ಕಡೆಯ ಹಳ್ಳಿಯೊಂದನ್ನು ಎತ್ತಿ ತಂದು ಇಟ್ಟ ಹಾಗಿತ್ತು. ಮರದ ಮನೆಗಳು, ಕಿಟಕಿಗಳಲ್ಲಿ ಹೂವಿನ ಕುಂಡ, ಸರೋವರದ ಸುತ್ತ ಹಳದಿಗೆ ತಿರುಗಿದ ಮರಗಳು. ದಾರಿಯುದ್ದಕ್ಕೂ ನನ್ನ ಗಂಡ ಕಾರು ಓಡಿಸುತ್ತಿದ್ದರೆ ನಾನು ತಿರುವು ತಿರುವಿಗೂ ಕಣ್ಣು ಮುಚ್ಚುತ್ತಿದ್ದೆ. "ನೀ ಕಣ್ಣ ಮುಚ್ಚಿದ್ರ ಘಾಟ ಸಪಾಟ ಆಗ್ತದೇನ?" ಎಂದರು ಕಾಕು. ಮಧ್ಯಾಹ್ನ ಊಟಕ್ಕೆ ಕರಗಿಸಿದ ಚೀಸಿನ ಪಾತ್ರೆ ಬಂತು, ಬ್ರೆಡ್ಡಿನ ತುಂಡು ಅದ್ದಿ ತಿನ್ನಬೇಕು. ಅವರು ಚೀಲದಿಂದ ಖಡಕ್ ರೊಟ್ಟಿ ತೆಗೆದು, ಮುರಿದು, ಅದ್ದಿದರು. ಅಕಾರ್ಡಿಯನ್ ನುಡಿಸುತ್ತಿದ್ದ ಮುದುಕನಿಗೂ ಒಂದು ತುಂಡು ಕೊಟ್ಟರು. ಅವನು ನುಡಿಸುವುದು ನಿಲ್ಲಿಸಿ ತಿಂದ.

ನಾವಿಳಿದಿದ್ದ ಬಾಡಿಗೆ ಮನೆಯ ಒಡತಿ ಕೀಲಿ ಕೊಡುವಾಗಲೇ ಎಚ್ಚರಿಸಿದ್ದಳು: ಚಳಿಗಾಲದ ನಿದ್ದೆಗೆ ಮುಂಚೆ ಕರಡಿಗಳಿಗೆ ವಿಪರೀತ ಹಸಿವು, ಹೊರಗೆ ತಿಂಡಿ ಇಡಬೇಡಿ, ಎದುರಾದರೆ ಓಡದೆ ನಿಂತು ಗಟ್ಟಿಯಾಗಿ ಕೂಗಿ. ಮಗಳು ತನಗೆ ಬಂದಷ್ಟು ಕನ್ನಡದಲ್ಲಿ ಕಾಕುವಿಗೆ ಹೇಳಿದಳು. ಅವರು ತಲೆಯಾಡಿಸಿದರು. ನಾನು ಆಗಲೇ ಎಲ್ಲ ಕಿಟಕಿಗಳ ಚಿಲಕ ಹಾಕಿದೆ.

ಅವತ್ತು ಸೀಗಿ ಹುಣ್ಣಿಮೆ. ಕಾಕುವಿನ ಕಡೆ ಆ ದಿನ ಪೈರು ಹೊತ್ತ ಭೂಮಿಯನ್ನು ಬಸುರಿ ಎಂದು ತಿಳಿದು ಬಯಕೆಯೂಟ ಉಣಿಸುತ್ತಾರೆ. ಕಡಬು, ಅನ್ನ ಎಲ್ಲ ಕಲಸಿ, ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಅದು ಚರಗ. ಚರಗವನ್ನು ಹೊರಗಿಟ್ಟ ತಿಂಡಿ ಎಂದು ಕಾಕು ಎಣಿಸಲೇ ಇಲ್ಲ. ಮನೆಯಿಂದ ಮಾಡಿ ತಂದಿದ್ದ ಕಡಬು, ಅನ್ನ ಬುಟ್ಟಿಯಲ್ಲಿ ಕಲಸಿಕೊಂಡು, ಹೊತ್ತು ಮುಳುಗುವ ಮುಂಚೆ ನನ್ನ ಮಗಳನ್ನು ಕರೆದುಕೊಂಡು ಮನೆಯ ಸುತ್ತ ಚೆಲ್ಲಿದರು. ಗಂಡ ಹಾಲು ತರಲು ಅಂಗಡಿಗೆ ಹೋಗಿದ್ದರು. ಒಳಗೆ ಚಹಾಕ್ಕೆ ನೀರಿಡುತ್ತಿದ್ದ ನನಗೆ "ಹುಲ್ಲುಲ್ಲಿಗ್ಯೋ" ಎಂಬ ಅವರ ಕೂಗು, ಹಿಂದೆಯೇ ಮಗಳ ಕೂಗು ಕೇಳಿ ನಗು ಬಂತು.

ಸ್ವಲ್ಪ ಹೊತ್ತಿಗೆ ಹೊರಗೆ ಸದ್ದೇ ಇಲ್ಲ. ಕಿಟಕಿಯಿಂದ ನೋಡಿದೆ. ಇಬ್ಬರೂ ಅಂಗಳದ ತುದಿಯಲ್ಲಿ ಅಲುಗಾಡದೆ ನಿಂತಿದ್ದರು. ಅವರಿಗೂ ಬಾಗಿಲಿಗೂ ನಡುವೆ, ಮೆಟ್ಟಿಲ ಬುಡದಲ್ಲಿ, ಕರಡಿ ಕಡಬು ತಿನ್ನುತ್ತಿತ್ತು. ಅದರ ಹೊಟ್ಟೆ ನೆಲ ಮುಟ್ಟುವಷ್ಟು ಜೋತಿತ್ತು. ನಾನು ಕಿಟಕಿಯ ಚೌಕಟ್ಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಮಗಳು ಓಡಲು ಹೆಜ್ಜೆಯೆತ್ತಿದಳು. ಕಾಕುವಿನ ಕೈ ಅವಳ ಮಣಿಕಟ್ಟಿನ ಮೇಲೆ ಬಿತ್ತು.

"ಅಂಜಬ್ಯಾಡ. ನಿಂದ್ರು. ಕೂಗು."

ಬೇರೇನೂ ತೋಚದೆ ಇಬ್ಬರೂ ಅದೇ ಚರಗದ ಕೂಗು ಕೂಗಿದರು. ಕರಡಿ ತಲೆಯೆತ್ತಿ ನೋಡಿತು. ಇನ್ನೊಂದು ಕಡಬು ಬಾಯಿಗೆ ಹಾಕಿಕೊಂಡು ಮರಗಳ ಕಡೆ ಹೋಯಿತು. ಇಬ್ಬರೂ ಮೆಟ್ಟಿಲೇರಿ ಬಾಗಿಲಿಗೆ ಬಂದರು.

ಕೂಗು ಕೇಳಿ ಪಕ್ಕದ ಮನೆಯಿಂದ ಬಂದ ಒಡತಿ ನೆಲ ನೋಡಿದಳು. ಅವಳ ಮುಖ ಇಳಿಯಿತು. ಅವಳು ಹೇಳಿದ್ದನ್ನು ಮಗಳು ಬಿಕ್ಕುತ್ತ ತಿಳಿಸಿದಳು. "ಇಲ್ಲಿ ಫುಡ್ ಸಿಗತ್ತೆ ಅಂತ ಅದು ವಾಪಸ್ ಬರತ್ತಂತೆ, ಕಾಕು. ದೆನ್ ಫಾರೆಸ್ಟ್ ಪೀಪಲ್ ವಿಲ್ ಕಿಲ್ ಇಟ್. ಸಾಯ್ಸ್ತಾರಂತೆ."

ಕಾಕು ಹೆದರಿದ್ದನ್ನು ನಾನು ಮೊದಲು ಕಂಡದ್ದು ಆಗ. ತುಟಿ ಬಿಳಿಚಿಕೊಂಡಿತು. "ಬಯಕಿ ಉಣಸಾಕ ಹೋಗಿ ಅದರ ಜೀವಾ ತಗದೆನೇನವಾ" ಎನ್ನುತ್ತ ಬುಟ್ಟಿ ಹಿಡಿದು ಮತ್ತೆ ಅಂಗಳಕ್ಕಿಳಿದರು. ಮರಗಳ ನಡುವೆ ಕೊಂಬೆ ಮುರಿಯುವ ಸದ್ದು ಇನ್ನೂ ಕೇಳುತ್ತಿತ್ತು.

"ಕಾಕು, ಒಳಗೆ ಬನ್ನಿ, ಪ್ಲೀಸ್," ಅಂದೆ.

"ನೀ ಬರಬ್ಯಾಡ. ಚೆಲ್ಲಿದಾಕಿ ನಾನು."

ಮಂಡಿಯೂರಿ ಒಂದೊಂದೇ ಅಗುಳು ಹೆಕ್ಕತೊಡಗಿದರು. ಮಗಳು ಹೋಗಿ ಅವರ ಪಕ್ಕ ಕುಳಿತಳು. ಇನ್ನು ನಾನು ಹೇಗೆ ಒಳಗಿರಲಿ? ಒಡತಿ ತಟ್ಟೆ ಬಡಿಯುತ್ತ ಕಾವಲು ನಿಂತಳು. ನಾನೂ ಇಳಿದು, ಒಂದು ಅಗುಳು ಹೆಕ್ಕಿದರೆ ಎರಡು ಸಲ ಮರಗಳ ಕಡೆ ನೋಡುತ್ತಿದ್ದೆ. ಕೊನೆಗೆ ಮೆಟ್ಟಿಲನ್ನೂ ವಾಸನೆ ಉಳಿಯದ ಹಾಗೆ ತೊಳೆದೆವು.

ಆಮೇಲೆ ಕಾಕು ಆ ಊರಿನ ಚೀಸಿನ ಮಾತನ್ನಾಗಲಿ ಸರೋವರದ ಮಾತನ್ನಾಗಲಿ ಎತ್ತಲಿಲ್ಲ. "ಆ ಕರಡಿ ಏನಾತೋ," ಅಷ್ಟೇ. ಫೋನು ಮಾಡಿ ಕೇಳಲು ನನಗೂ ಭಯ, ಅವರಿಗೂ ಭಯ. ಮುಂದಿನ ಬೇಸಿಗೆಯಲ್ಲಿ ಅವರು ಆಸ್ಪತ್ರೆ ಸೇರಿದರು. ನೋಡಲು ಹೋದಾಗ ನನ್ನ ಮಣಿಕಟ್ಟು ಹಿಡಿದು "ಈಗರ ಕೇಳವಾ" ಅಂದರು. ಅವರೆದುರೇ ಒಡತಿಗೆ ಫೋನು ಹಚ್ಚಿದೆ. ಅದು ರಿಂಗಾಗುವಷ್ಟು ಹೊತ್ತೂ ಅವರ ಹಿಡಿತ ಬಿಗಿಯಾಗುತ್ತಲೇ ಹೋಯಿತು. ಕರಡಿ ಮನೆಗಳ ಹತ್ತಿರ ಮತ್ತೆ ಬರಲೇ ಇಲ್ಲವಂತೆ. ಈಚೆಗೆ ಸರೋವರದಾಚೆ ಕಂಡಿತಂತೆ, ಹಿಂದೆ ಎರಡು ಮರಿಗಳು.

ಕಾಕು ಕಣ್ಣು ಮುಚ್ಚಿ ನಕ್ಕರು. "ಬಸರಿ ಇತ್ತು ನೋಡು. ಬಯಕಿ ಉಂಡು ಹೋತು."

ಅದೇ ವಾರ ಹೋಗಿಬಿಟ್ಟರು.

ಈ ಸಲದ ಸೀಗಿ ಹುಣ್ಣಿಮೆಗೆ ನಾನೇ ಕಡಬು ಮಾಡಿದೆ. ಬಾಲ್ಕನಿಯ ಕುಂಡಗಳಿಗೆ ಚೆಲ್ಲೋಣವೆಂದು ಹೊರಟರೆ ಬಾಗಿಲಲ್ಲೇ ಕಾಲು ನಿಂತವು. ಫ್ರೀಮಾಂಟಿನ ಮೂರನೇ ಮಹಡಿಗೆ ಕರಡಿ ಎಲ್ಲಿಂದ ಬರಬೇಕು? ಆದರೂ ಭಯ. ಮಗಳು ಬಂದು ನನ್ನ ಮಣಿಕಟ್ಟು ಹಿಡಿದಳು. "ಅಂಜಬ್ಯಾಡ, ಬಾ ಅಮ್ಮಾ" ಎಂದಳು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ.